ಗುಡೇಕೋಟೆ ದಾರಿಯಿಂದ ನಾನು ತಿರುಗಿ ಬಂದ ದಿನ

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಬಾಯಿ ತೆಗೆದರೆ ಮೊದಲು ನಗುತ್ತಿದ್ದವನು ನಾನು. ಅದಕ್ಕೆ ನನ್ನ ಕಸುಬೇ ಕಾರಣ ಇರಬೇಕು. ಕೊಟ್ಟೂರಿನಲ್ಲಿ ನನ್ನದೊಂದು ಪಂಪ್‌ಸೆಟ್ ಇಂಜಿನ್ ರಿಪೇರಿ ಅಂಗಡಿ ಇತ್ತು. ಕೆಟ್ಟು ನಿಂತ ಇಂಜಿನ್ನಿಗೆ ರೈತರು ನಿಂಬೆಹಣ್ಣು ಕಟ್ಟಿ, ಯಾರದೋ ಕಣ್ಣು ಬಿದ್ದಿದೆ ಎಂದು ಊದುಬತ್ತಿ ಹಚ್ಚಿ, ಅದು ಯಾವುದಕ್ಕೂ ಜಗ್ಗದಿದ್ದಾಗ ನನಗೆ ಹೇಳಿ ಕಳಿಸುತ್ತಿದ್ದರು. ಬಿಚ್ಚಿ ನೋಡಿದರೆ ಒಳಗೆ ಕಸ ತುಂಬಿದ ಫಿಲ್ಟರೋ, ಸವೆದ ರಿಂಗೋ ಸಿಗುತ್ತಿತ್ತೇ ಹೊರತು ಯಾವ ಇಂಜಿನ್ನಿನಲ್ಲೂ ನನಗೆ ದೆವ್ವ ಸಿಗಲಿಲ್ಲ. ಕಾರಣ ಕಾಣದಿದ್ದರೆ ಇನ್ನೊಂದು ನಟ್ಟು ಬಿಚ್ಚಬೇಕು, ಅಷ್ಟೇ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. ಈಗ ಹೇಳಲು ಹೊರಟಿರುವ ಸಂಗತಿಯನ್ನು ಹತ್ತು ಸಲ ಬಿಚ್ಚಿ ಜೋಡಿಸಿ ನೋಡಿದ್ದೇನೆ. ನನಗೆ ತಿಳಿದಿಲ್ಲ. ನಿಮಗೆ ತಿಳಿದರೆ ಸಂತೋಷ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಹಳ್ಳಿ ಹಳ್ಳಿ ತಿರುಗುವ ಕೆಲಸಕ್ಕೆಂದು ನಾನು ಹೊಸಪೇಟೆಯ ಒಬ್ಬ ಕಂಟ್ರಾಕ್ಟರನಿಂದ ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡಿದ್ದೆ. ನಮ್ಮ ಓಣಿಗೆ ಅದೊಂದೇ ಫಟಫಟಿ. ಅದರ ಸೈಲೆನ್ಸರ್ ಹಿಂದೊಮ್ಮೆ ಸೀಳಿತ್ತು. ನಾನೇ ಬೆಸುಗೆ ಹಾಕಿದ್ದೆ, ಆದರೆ ಸರಿಯಾಗಿ ಕೂತಿರಲಿಲ್ಲ. ಹೀಗಾಗಿ ವೇಗ ಕೊಟ್ಟಾಗಲೆಲ್ಲ ಎರಡು ಸಲ ಕೆಮ್ಮಿ, ಆಮೇಲೆ ಸಣ್ಣಗೆ ತಗಡು ಬಡಿದ ಸದ್ದು ಮಾಡುತ್ತಿತ್ತು. ಇಡೀ ತಾಲ್ಲೂಕಿನ ರಿಪೇರಿಯವನ ಗಾಡಿಯೇ ಹೀಗೆ ಎಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ನನಗೆ ಆ ಸದ್ದು ರೂಢಿಯಾಗಿ ಹೋಗಿತ್ತು. ನಮ್ಮ ಮಗುವಿನ ಅಳು ನಮಗೆ ಗುರುತು ಸಿಗುವ ಹಾಗೆ, ನೂರು ಗಾಡಿಯ ನಡುವೆಯೂ ಅದನ್ನು ಗುರುತಿಸುತ್ತಿದ್ದೆ.

ಗಾಡಿ ಬಂದ ಮೇಲೆ ನನ್ನನ್ನು ಕೇಳದೆಯೇ ಇನ್ನೊಂದು ಕೆಲಸ ಅಂಟಿಕೊಂಡಿತು. ಓಣಿಯಲ್ಲಿ ಯಾರೇ ತೀರಿಕೊಳ್ಳಲಿ, ಊರೂರಿಗೆ ಹೋಗಿ ಬಂಧುಗಳಿಗೆ ಸುದ್ದಿ ಮುಟ್ಟಿಸುವುದು ನನ್ನ ಪಾಲಿಗೆ ಬರುತ್ತಿತ್ತು. ಆಗ ಫೋನು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ತಂತಿ ಕೊಟ್ಟರೆ ಕೆಲವೊಮ್ಮೆ ಹೆಣ ಮಣ್ಣು ಮಾಡಿ ಮುಗಿದ ಮೇಲೆ ತಲುಪುತ್ತಿತ್ತು. ಬೇರೆಯವರು ಸುದ್ದಿ ಒಯ್ದರೆ ‘ಸೀರಿಯಸ್ ಐತಿ, ಬರ್ರಿ’ ಎಂದು ಅರ್ಧ ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದರು. ನನಗೆ ಅದು ಹಿಡಿಸುತ್ತಿರಲಿಲ್ಲ. ನಾನು ಹೋದವನು ಹೊಸ್ತಿಲಾಚೆಯೇ ನಿಂತು ‘ಊಟ ಆತೇನ್ರಿ?’ ಎಂದು ಕೇಳುತ್ತಿದ್ದೆ. ಆಗಿಲ್ಲ ಎಂದರೆ, ‘ಮೊದಲು ಎರಡು ತುತ್ತು ಉಣ್ರಿ, ಆಮ್ಯಾಲೆ ಹೇಳ್ತೀನಿ’ ಎನ್ನುತ್ತಿದ್ದೆ. ಸುದ್ದಿ ಕಿವಿಗೆ ಬಿದ್ದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಮಣ್ಣಾಗುವವರೆಗೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಮುದುಕರೂ ಬಾಣಂತಿಯರೂ ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತುವುದನ್ನು ನೋಡಿ ನೋಡಿ ನಾನೇ ಕಂಡುಕೊಂಡ ಉಪಾಯ ಅದು. ಬರಬರುತ್ತಾ ಅದೇ ಫಜೀತಿಯಾಯಿತು. ಸುಮ್ಮನೆ ಇಂಜಿನ್ ನೋಡಲು ಹೋದಾಗ ಬಾಯಿತಪ್ಪಿ ಊಟದ ಮಾತು ಕೇಳಿದರೆ ಹೆಂಗಸರು ಎದೆ ಹಿಡಿದುಕೊಳ್ಳುತ್ತಿದ್ದರು.

ನಮ್ಮ ಓಣಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ವೀರಭದ್ರಪ್ಪ ಎಂಬ ಹಿರಿಯರಿದ್ದರು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಬೆಳಗಿನ ಜಾವ ಅವರು ತೀರಿಕೊಂಡರು. ಅವರ ಹಿರಿಯ ಮಗ ಚನ್ನಬಸಣ್ಣ ನನ್ನನ್ನು ಎಬ್ಬಿಸಿ ಕರೆಸಿದ. ನನ್ನ ಅಂಗಡಿ ಇದ್ದದ್ದು ಅವರದೇ ಮಳಿಗೆಯಲ್ಲಿ. ಆತ ಜಗಲಿಯ ಮೇಲೆ ನಿಂತು ಹೋಗಬೇಕಾದ ಮನೆಗಳನ್ನು ಹೇಳಿದ. ಹಗರಿಬೊಮ್ಮನಹಳ್ಳಿಯಲ್ಲಿ ಸೋದರತ್ತೆ, ಹಡಗಲಿಯಲ್ಲಿ ಹಿರಿಯ ಮಗಳು, ಹರಪನಹಳ್ಳಿಯಲ್ಲಿ ಬೀಗರು, ಉಚ್ಚಂಗಿದುರ್ಗದಲ್ಲಿ ಸೋದರಮಾವ, ಕೊನೆಗೆ ಕೂಡ್ಲಿಗಿಯಲ್ಲಿ ಚಿಕ್ಕಪ್ಪ. ಮರುದಿನ ಮಧ್ಯಾಹ್ನ ಮಣ್ಣು.

“ಸರೋಜವ್ವಗ?” ಎಂದು ಕೇಳಿದೆ.

ಸರೋಜ ಆ ಮನೆಯ ಕಿರಿಯ ಮಗಳು. ನನ್ನ ಕಣ್ಣೆದುರೇ ಬೆಳೆದ ಹುಡುಗಿ. ಮೂರು ವರ್ಷದ ಹಿಂದೆ ಬೇರೆ ಜಾತಿಯ ಶಾಲಾ ಮಾಸ್ತರ ಹನುಮಂತಪ್ಪನನ್ನು ರಿಜಿಸ್ಟರ್ ಮದುವೆಯಾಗಿ ಹೋಗಿದ್ದಳು. ಅವನಿಗೆ ಗುಡೇಕೋಟೆಯಿಂದಲೂ ಆಚೆ, ಗುಡ್ಡದ ಸೆರಗಿನ ಒಂದು ಹಟ್ಟಿಯ ಶಾಲೆಯಲ್ಲಿ ಕೆಲಸ. ಅವತ್ತಿನಿಂದ ಆ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ.

“ನಾನು ಹೇಳಿದ್ದಷ್ಟ ಮನಿ,” ಎಂದ ಚನ್ನಬಸಣ್ಣ. “ಆಕಿ ನಮ್ಮ ಪಾಲಿಗೆ ಎಂದೋ ಸತ್ತಾಳ. ಅತ್ತಾಗ ಗಾಡಿ ತಿರುವಿದಿ ಅಂದ್ರ ನಾಳೆ ನಿನ್ನ ಅಂಗಡಿ ಸಾಮಾನು ಬೀದ್ಯಾಗ ಇರ್ತಾವು, ನೋಡಪಾ.”

ನಾನು ತಲೆಯಾಡಿಸಿ ಗಾಡಿ ಹತ್ತಿದೆ. ಒಳಗೆ ಅವನ ತಾಯಿ ಗೌರಮ್ಮನವರ ಅಳು ಕೇಳುತ್ತಿತ್ತು. ಒಳಗೆ ಹೋಗುವಷ್ಟು ಹೊತ್ತು ನನಗಿರಲಿಲ್ಲ.

ಅಂಥ ಉದ್ದದ ಪ್ರಯಾಣವನ್ನು ಒಂದೇ ದಿನದಲ್ಲಿ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಸೋದರತ್ತೆ ರೊಟ್ಟಿ ಬಡಿಯುತ್ತಿದ್ದಳು. ನಾನು ಊಟದ ಮಾತು ಎತ್ತುತ್ತಿದ್ದಂತೆ ಅವಳ ಕೈ ನಿಂತಿತು. ಹಡಗಲಿಯಲ್ಲಿ ಹಿರಿಯ ಮಗಳು ಅಂಗಳದಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದಳು. ಉಂಡಿದ್ದೇನೆ ಎಂದಳು, ಸುದ್ದಿ ಕೇಳಿ ಅಲ್ಲಿಯೇ ಹೂವಿನ ಮೇಲೆ ಬಿದ್ದು ಹೊರಳಾಡಿದಳು. ಹರಪನಹಳ್ಳಿಯ ಬೀಗರು ಮಾತ್ರ ನಿಂತ ಕಾಲಲ್ಲೇ ವಿಚಾರಿಸಿ ಬಸ್ಸಿನ ವೇಳೆ ಕೇಳಿದರು. ಪ್ರತಿ ಮನೆಯಿಂದ ಹೊರಡುವಾಗಲೂ ಹಿಂದೆ ಅಳು ಏಳುತ್ತಿತ್ತು. ಅದನ್ನು ಬೆನ್ನಿಗೆ ಹೊತ್ತುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಮುಖವೇ ನನಗೆ ಅಪಶಕುನ ಅನ್ನಿಸತೊಡಗಿತ್ತು.

ಉಚ್ಚಂಗಿದುರ್ಗದಲ್ಲಿ ಗೌರಮ್ಮನವರ ಅಣ್ಣ ಕೊಟ್ರಪ್ಪಜ್ಜ ಇದ್ದ. ಕಾಲು ಬಿದ್ದು ಹೋಗಿ ವರ್ಷವಾಗಿತ್ತು, ಹಗ್ಗ ಹೆಣೆದ ಹೊರಸಿನ ಮೇಲೆಯೇ ಬದುಕು. ಸುದ್ದಿ ಕೇಳಿ ಅವನು ಅಳಲಿಲ್ಲ. ಸೂರು ನೋಡುತ್ತಲೇ ಕೇಳಿದ:

“ಸರೋಜಿಗೆ ಹೇಳಿದ್ಯಾ?”

ಚನ್ನಬಸಣ್ಣ ಬೇಡ ಎಂದಿದ್ದನ್ನು ಹೇಳಿದೆ. ಅಜ್ಜ ಹೊರಸಿನಿಂದ ಅರ್ಧ ಎದ್ದ.

“ಹಡೆದಪ್ಪನ ಮುಖ ನೋಡಾಕೆ ಯಾರ ಅಪ್ಪಣೆ ಬೇಕಲೇ? ನನಗೆ ಕಾಲಿದ್ದಿದ್ರೆ ನಾನೇ ಹೋಗ್ತಿದ್ದೆ. ನಿನಗೆ ಗಾಡಿ ಐತಿ, ಎದೆ ಇಲ್ಲ.”

ಆ ಮಾತು ನನಗೆ ಚುಚ್ಚಿತು. ದಾರಿಯುದ್ದಕ್ಕೂ ಅಜ್ಜನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಾ ಬಂದೆ. ನನಗೂ ಹೆಂಡತಿ ಮಕ್ಕಳಿದ್ದಾರೆ, ಅಂಗಡಿ ಹೋದರೆ ಏನು ಮಾಡಲಿ, ಇದು ಅವರ ಮನೆಯ ಜಗಳ, ನಾನೇಕೆ ನಡುವೆ ಕೈ ಹಾಕಲಿ, ಹೀಗೆ. ಎಲ್ಲ ಉತ್ತರವೂ ಸರಿಯಾಗಿತ್ತು. ಆದರೂ ಸಮಾಧಾನ ಇರಲಿಲ್ಲ. ನಮ್ಮೂರನ್ನು ಹಾಯ್ದು, ಮನೆಗೂ ಹೋಗದೆ, ಕೂಡ್ಲಿಗಿ ಮುಟ್ಟಿ ಚಿಕ್ಕಪ್ಪನಿಗೆ ಸುದ್ದಿ ಹೇಳಿದಾಗ ಸಂಜೆ ನಾಲ್ಕೂವರೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಕೊಟ್ಟೂರಿನ ದಾರಿ ಹಿಡಿಯಬೇಕಾದವನು ಗುಡೇಕೋಟೆಯ ದಾರಿ ಹಿಡಿದೆ.

ಆ ದಾರಿ ಈಗಿನಂತಿರಲಿಲ್ಲ. ಊರು ದಾಟಿದರೆ ಎರಡೂ ಕಡೆ ಕಾರೆ, ಜಾಲಿ, ಮೊಣಕಾಲೆತ್ತರದ ಮುಳ್ಳುಕಂಟಿ. ಅದರಾಚೆ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ. ಕರಡಿಯ ಭಯಕ್ಕೆ ಹೊತ್ತಿಳಿಯುವ ಮೊದಲೇ ಕುರಿಯವರು ಮಂದೆ ಹೊಡೆದುಕೊಂಡು ಹೋಗಿಬಿಡುತ್ತಿದ್ದರು. ಸುಮಾರು ಹತ್ತು ಮೈಲಿ ಹೋಗಿರಬೇಕು. ಎದುರಿಗೆ ಒಂದು ಮನುಷ್ಯ ಪ್ರಾಣಿಯೂ ಸಿಗಲಿಲ್ಲ. ಹೋಗುತ್ತಾ ಹೋಗುತ್ತಾ ನನ್ನ ಧೈರ್ಯ ಇಳಿಯಿತು. ರಸ್ತೆ ಗುಡ್ಡಕ್ಕೆ ಸುತ್ತು ಹಾಕುವ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಬಂಡೆಯ ನೆರಳಿಗೆ ಕೂತು ಬೀಡಿ ಹಚ್ಚಿದೆ. ಅಂಗಡಿಯ ಸಾಮಾನು ಬೀದಿಯಲ್ಲಿ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಬೀಡಿ ಅರ್ಧ ಮುಗಿಯುವಷ್ಟರಲ್ಲಿ ತಿರುಗಿ ಹೋಗುವುದೆಂದು ನಿಶ್ಚಯ ಮಾಡಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಆದದ್ದು ಹೀಗೆ.

ಆಗ ನನಗೆ ಆ ಸದ್ದು ಕೇಳಿಸಿತು.

ತಿರುವಿನ ಆಚೆ, ಗುಡೇಕೋಟೆಯ ಕಡೆಗೆ, ಒಂದು ಮೋಟಾರ್ ಸೈಕಲ್ ಹೋಗುತ್ತಿತ್ತು. ಎರಡು ಸಲ ಕೆಮ್ಮಿತು, ಆಮೇಲೆ ಸಣ್ಣಗೆ ತಗಡು ಬಡಿಯಿತು. ನಾನು ಎದ್ದು ನಿಂತೆ. ನನ್ನ ಗಾಡಿ ಎದುರಿಗೇ ನಿಂತಿತ್ತು. ಇಂಜಿನ್ ಮೇಲೆ ಕೈಯಿಟ್ಟೆ. ಬಿಸಿ ಇತ್ತು, ಅಲುಗಾಟ ಇರಲಿಲ್ಲ. ಸದ್ದು ಮಾತ್ರ ಏರು ಹತ್ತುತ್ತಾ, ಗೇರು ಬದಲಿಸುತ್ತಾ, ದೂರ ದೂರ ಹೋಗುತ್ತಿತ್ತು. ನಾನು ಎಲ್ಲಿ ಗೇರು ಬದಲಿಸುತ್ತೇನೋ ಅಲ್ಲಿಯೇ ಬದಲಾಗುತ್ತಿತ್ತು. ಬಂಡೆಗಳಿಂದ ಮಾರ್ದನಿ ಎನ್ನೋಣವೆಂದರೆ ನಾನು ಬಂದ್ ಮಾಡಿ ಅರ್ಧ ಬೀಡಿಯಾಗಿತ್ತು. ಬೇರೆ ಯಾರದೋ ಗಾಡಿ ಎನ್ನೋಣವೆಂದರೆ ಅದು ನನ್ನನ್ನು ದಾಟಿಯೇ ಹೋಗಬೇಕಿತ್ತು, ಅಲ್ಲಿ ಬೇರೆ ದಾರಿ ಇಲ್ಲ. ತಿರುವಿನವರೆಗೆ ಓಡಿಹೋಗಿ ನೋಡಿದೆ. ಇಳಿಬಿಸಿಲು ಸ್ವಚ್ಛವಾಗಿತ್ತು. ಅರ್ಧ ಮೈಲಿ ರಸ್ತೆ ಕಾಣುತ್ತಿತ್ತು, ಅದರ ಮೇಲೆ ಏನೂ ಇರಲಿಲ್ಲ, ಧೂಳು ಕೂಡ ಎದ್ದಿರಲಿಲ್ಲ. ಸದ್ದು ಅದರ ಮೇಲಿಂದಲೇ ಹೋಗಿ ಗುಡ್ಡದ ಹಿಂದೆ ಅಡಗಿತು.

ಗಾಡಿ ತಿರುಗಿಸಿಕೊಂಡು ಹೇಗೆ ಬಂದೆನೋ ಬಂದೆ. ಕೊಟ್ಟೂರಿನ ಮನೆಗೆ ಬಂದಾಗ ನನ್ನ ಹೆಂಡತಿ ದೀಪ ಹಚ್ಚುತ್ತಿದ್ದಳು. ತಲೆಗೆ ನೀರು ಹಾಕಿಕೊಂಡು ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಸದ್ದಿನ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. “ಅಷ್ಟು ದೂರ ಹೋಗಿ ತಿರುಗಿ ಬಂದ್ರ್ಯಾ? ಆ ಹುಡುಗಿಗೆ ಅಪ್ಪನ ಮುಖ ತಪ್ಪಿಸಿದ್ರಲ್ರಿ,” ಎಂದಳು. ಆ ರಾತ್ರಿ ಸತ್ತವರ ಮನೆಯ ಕಡೆ ಹೋಗಲು ನನಗೆ ಮುಖವಿರಲಿಲ್ಲ. ಮೈ ಸರಿಯಿಲ್ಲವೆಂದು ಮಲಗಿಬಿಟ್ಟೆ.

ಮರುದಿನ ಹನ್ನೊಂದರ ಹೊತ್ತಿಗೆ ಅವರ ಮನೆಯ ಮುಂದೆ ಜನ ನೆರೆದಿತ್ತು. ನಾನು ಹಿಂದೆ, ಬೇವಿನ ಗಿಡದ ಕೆಳಗೆ ನಿಂತಿದ್ದೆ. ಇನ್ನೇನು ಎತ್ತಬೇಕು ಎನ್ನುವಾಗ ಓಣಿಯ ತುದಿಯಲ್ಲಿ ಒಂದು ಲಾರಿ ನಿಂತಿತು. ಅದರ ಮುಂದಿನ ಬಾಗಿಲಿನಿಂದ ಹನುಮಂತಪ್ಪ ಮಾಸ್ತರ ಇಳಿದ. ಅವನ ಹಿಂದೆ ಮೂರು ತಿಂಗಳ ಕೂಸನ್ನು ಎದೆಗೆ ಅವಚಿಕೊಂಡ ಸರೋಜ. ಜನ ತಾವಾಗಿ ದಾರಿ ಬಿಟ್ಟರು. ಚನ್ನಬಸಣ್ಣ ಎರಡು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ನಿನ್ನೆಯಿಂದ ನೀರು ಮುಟ್ಟದ ಗೌರಮ್ಮನವರು ಒಳಗಿನಿಂದ ಬಂದು, ಮಗಳನ್ನೂ ಕೂಸನ್ನೂ ಒಟ್ಟಿಗೆ ತಬ್ಬಿಕೊಂಡು ಒಳಗೆ ಕರೆದುಕೊಂಡು ಹೋದರು. ನೂರು ಜನರ ಎದುರು ಚನ್ನಬಸಣ್ಣನಿಗೆ ಏನು ಮಾಡಲೂ ಆಗಲಿಲ್ಲ. ಅವನು ತಿರುಗಿ ನನ್ನನ್ನು ಹುಡುಕಿ ಹುಡುಕಿ ನೋಡಿದ.

“ನಾನು ಹೋಗಿಲ್ರೀ ಚನ್ನಬಸಣ್ಣ, ದೇವ್ರಾಣಿ ಹೋಗಿಲ್ಲ,” ಎಂದೆ.

“ಬಾಯಿ ಮುಚ್ಚಲೇ,” ಎಂದ. ವಾರದೊಳಗೆ ನನ್ನ ಅಂಗಡಿ ಖಾಲಿಯಾಯಿತು. ಹೋಗದೆ ಇದ್ದದ್ದಕ್ಕೆ ಹೋದವನ ಶಿಕ್ಷೆ ನನಗೆ ಸಿಕ್ಕಿತು. ಆ ಅಂಗಡಿಗಾಗಿಯೇ ಅಲ್ಲವೇ ನಾನು ತಿರುಗಿ ಬಂದದ್ದು ಎಂದು ಹೆಂಡತಿಯ ಮುಂದೆ ಹೇಳಿಕೊಂಡು ನಕ್ಕೆ. ಅವಳು ನಗಲಿಲ್ಲ.

ಅವತ್ತು ಮಣ್ಣು ಮುಗಿಸಿ ಎಲ್ಲರೂ ಬಂದ ಮೇಲೆ, ಬೇವಿನ ಗಿಡದ ಕೆಳಗೇ ಉಳಿದಿದ್ದ ನನ್ನ ಹತ್ತಿರ ಸರೋಜ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದು ಹೋಗಿತ್ತು.

“ಅಣ್ಣಾ, ನೀವು ನಿನ್ನೆ ಬರದಿದ್ರ ನನಗ ಈ ಜನ್ಮದಾಗ ಅಪ್ಪ ಸಿಗ್ತಿರಲಿಲ್ಲ. ಹೊತ್ತು ಮುಣುಗೋ ಹೊತ್ತಿನ್ಯಾಗ ಅಷ್ಟು ದೂರ ಬಂದ್ರಿ. ಒಳಗ ಬರ್ರಿ ಅಂದ್ರ ಬರಲಿಲ್ಲ. ಗಾಡಿನೂ ಬಂದ್ ಮಾಡಲಿಲ್ಲ. ಕೂಸಿಗೆ ಹಾಲು ಬೇಕು, ಮೊದಲು ಉಣ್ಣವ್ವಾ ಅಂತ ನಾ ಉಣ್ಣೋತನಕ ಹೊರಗ ನಿಂತು, ಆಮ್ಯಾಲೆ ಹೇಳಿದ್ರಿ.”

ಹೊತ್ತು ಮುಳುಗುವ ಹೊತ್ತಿಗೆ ನಾನು ಕೊಟ್ಟೂರಿನಲ್ಲಿ, ನನ್ನ ಮನೆಯ ಬಚ್ಚಲಲ್ಲಿದ್ದೆ. ಪಕ್ಕದಲ್ಲಿದ್ದ ಮಾಸ್ತರ ಕೂಡ ಕೈಮುಗಿದು, “ನಿಮ್ಮ ಗಾಡಿ ಸದ್ದು ದೂರದಿಂದಲೇ ಕೇಳ್ತು. ಕೆಮ್ಮೋದು ಕೇಳಿದ ಕೂಡ್ಲೆ ಇಕಿ, ನಮ್ಮೂರ ಅಣ್ಣ ಬಂದ್ರು ಅಂದ್ಳು,” ಎಂದ. ನಾನಲ್ಲವ್ವಾ, ನಾನು ಬರಲೇ ಇಲ್ಲ ಎಂಬ ಮಾತು ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಅವಳೇ ಅಂದಳು:

“ಅವ್ವನೇ ಕಳಿಸ್ಯಾಳ ಅಂದ್ರಲ್ಲ, ಆ ಮಾತು ಸಾಕಣ್ಣ ನನಗ. ಮೂರು ವರ್ಷ ಅದೊಂದು ಮಾತಿಗೆ ಕಾದಿದ್ದೆ.”

ಹೇಳಬೇಕೆಂದಿದ್ದನ್ನು ಬಿಟ್ಟು ಮಾಸ್ತರನ ಕಡೆ ತಿರುಗಿ ಕೈಮುಗಿದೆ.

ಮೂರನೆಯ ದಿನ ಗೌರಮ್ಮನವರೇ ನನ್ನನ್ನು ಹಿತ್ತಲಿಗೆ ಕರೆಸಿದರು. “ಆಕಿನ್ನ ಕರಿಯಪ್ಪ ಅಂತ ನಾನು ಹೇಳಬೇಕಿತ್ತು. ಮಗನ ಅಂಜಿಕಿಗೆ ನನ್ನ ಬಾಯಿ ಬರಲಿಲ್ಲ. ನೀನೇ ನನ್ನ ಹೆಸರ್ಲೆ ಹೇಳಿ ಬಂದಿ,” ಎಂದು ಕಣ್ಣೀರಿಟ್ಟರು. ಅವರಿಗಾದರೂ ನಿಜ ಹೇಳಬೇಕೆಂದಿದ್ದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ಅವ್ವ ಕಳಿಸಿದ್ದಿಲ್ಲ ಅಂತ ಆಕಿಗೆ ಎಂದೂ ಹೇಳಬ್ಯಾಡ. ನಾನೇ ಕಳಿಸಿದ್ದು ಅಂತ ಇರಲಿ. ನನ್ನ ಮ್ಯಾಲಾಣಿ.” ಆಗಲಿ ಎಂದೆ.

ನೀವು ಕೇಳಬಹುದು, ನಟ್ಟು ಬಿಚ್ಚುವ ಮನುಷ್ಯ ಅಷ್ಟಕ್ಕೇ ಸುಮ್ಮನಾದೆಯಾ ಎಂದು. ಸುಮ್ಮನಾಗಲಿಲ್ಲ. ಉಚ್ಚಂಗಿದುರ್ಗಕ್ಕೆ ಹೋಗಿ ಕೊಟ್ರಪ್ಪಜ್ಜನನ್ನು ಕೇಳಿದೆ. ಅವನು ಯಾರನ್ನೂ ಕಳಿಸಿರಲಿಲ್ಲ, ಕಳಿಸಿದ್ದರೂ ಅಷ್ಟು ಹೊತ್ತಿಗೆ ಹೋಗಿ ಮುಟ್ಟಲು ಬಸ್ಸಿರಲಿಲ್ಲ. ಕೂಡ್ಲಿಗಿಯಲ್ಲಿ, ಗುಡೇಕೋಟೆಯಲ್ಲಿ ಮೋಟಾರ್ ಸೈಕಲ್ ಇದ್ದವರನ್ನೆಲ್ಲ ವಿಚಾರಿಸಿದೆ. ನಾಲ್ಕೈದೇ ಇದ್ದವು, ಅವತ್ತು ಯಾವುದೂ ಆ ಕಡೆ ಹೋಗಿರಲಿಲ್ಲ. ಗುಡೇಕೋಟೆಯ ಚಹಾದಂಗಡಿಯವನು, “ಸದ್ದು ಕೇಳಿದಂಗಾತು, ತಿರುಗಿ ನೋಡಿದ್ರ ಏನೂ ಇರಲಿಲ್ಲ. ಯಾವತ್ತು ಅಂತ ಕೇಳಿದ್ರ ಹೇಳಾಕ ಬರಲ್ಲ ನೋಡ್ರಿ,” ಎಂದ. ಬಿಸಿಲಿಗೆ ನನ್ನದೇ ತಲೆ ಕೆಟ್ಟು, ಹೋಗಿ ಬಂದು ಮರೆತಿದ್ದೇನೆಯೇ ಎಂದೂ ಯೋಚಿಸಿದೆ. ಆದರೆ ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲಿದ್ದುದಕ್ಕೆ ಹೆಂಡತಿಯೇ ಸಾಕ್ಷಿ. “ನಿಮ್ಮ ಮನಸು ಹೋಗಿ ಹೇಳಿ ಬಂದೈತಿ ಬಿಡ್ರಿ,” ಎಂದು ಅವಳು ತೀರ್ಪು ಕೊಟ್ಟಳು. ಮನಸ್ಸಿಗೂ ಸೀಳಿದ ಸೈಲೆನ್ಸರ್ ಇರುತ್ತದೇನೇ ಎಂದು ನಾನು ರೇಗಿದೆ.

ಎಲ್ಲಕ್ಕಿಂತ ಹೆಚ್ಚು ಕೇಳಬೇಕಾಗಿದ್ದದ್ದು ಸರೋಜಳನ್ನು. ಬಂದವನ ಮುಖ ಸರಿಯಾಗಿ ಕಂಡಿತ್ತೇ, ಅವನು ಇನ್ನೇನು ಹೇಳಿದ, ಯಾವ ಕಡೆ ಹೋದ. ಆದರೆ ಅದನ್ನು ಕೇಳಬೇಕಾದರೆ ನಾನು ಬಂದಿರಲಿಲ್ಲ ಎನ್ನಬೇಕು. ಹಾಗೆಂದರೆ ಅವಳವ್ವ ಕಳಿಸಿರಲಿಲ್ಲ ಎಂದೂ ಆಗುತ್ತದೆ. ಆ ಒಂದು ಮಾತಿನ ಮೇಲೆ ಅವಳು ಮತ್ತೆ ತವರಿಗೆ ಬಂದು ಹೋಗಿ ಮಾಡುತ್ತಿದ್ದಳು. ಅದನ್ನು ಕಿತ್ತುಕೊಂಡು ನನ್ನ ಕುತೂಹಲ ತೀರಿಸಿಕೊಳ್ಳುವುದು ನನ್ನಿಂದಾಗಲಿಲ್ಲ. ನಾನು ಅಂಗಡಿಯನ್ನು ಕೂಡ್ಲಿಗಿಗೆ ಸಾಗಿಸಿದೆ. ಕೆಲವು ವರ್ಷದಲ್ಲಿ ಮಾಸ್ತರಿಗೂ ಅಲ್ಲಿಗೇ ವರ್ಗವಾಯಿತು. ಪ್ರತಿ ನಾಗರಪಂಚಮಿಗೆ ಸರೋಜಳ ಮನೆಯಿಂದ ಶೇಂಗಾ ಉಂಡಿಯ ಡಬ್ಬಿ ಬರುತ್ತಿತ್ತು. ‘ಅವತ್ತು ಅಣ್ಣ ಬಂದಿದ್ದಕ್ಕ’ ಎಂದು ಅವಳು ಕಂಡವರಿಗೆಲ್ಲ ಹೇಳುತ್ತಿದ್ದಳು. ನಾನು ತಲೆ ತಗ್ಗಿಸಿ ಉಂಡಿ ತಿನ್ನುತ್ತಿದ್ದೆ. ಕದ್ದ ಮಾಲು ತಿಂದಂತೆ ಅನ್ನಿಸುತ್ತಿತ್ತು.

ಹೀಗೇ ಹತ್ತು ವರ್ಷ ಕಳೆಯಿತು. ಗೌರಮ್ಮ ತೀರಿಕೊಂಡರು. ಅದಾದ ಎರಡು ವರ್ಷಕ್ಕೆ ಸರೋಜ ಹಾಸಿಗೆ ಹಿಡಿದಳು. ಇನ್ನೂ ನಲವತ್ತಾಗದ ಹೆಂಗಸು. ಹೊಟ್ಟೆಯ ಬೇನೆ ಎಂದರು, ದಾವಣಗೆರೆಗೆ ಒಯ್ದು ತಂದರು. ಒಂದು ಮಧ್ಯಾಹ್ನ ನೋಡಲು ಹೋದೆ. ಪಡಸಾಲೆಯ ಮಂಚದ ಮೇಲೆ ಮಲಗಿದ್ದಳು, ಕೈ ಕಡ್ಡಿಯಾಗಿತ್ತು. ಮಾಸ್ತರ ಔಷಧಿ ತರಲು ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

“ಅಣ್ಣಾ, ಅವತ್ತು ಅವ್ವ ಏನಂತ ಹೇಳಿ ಕಳಿಸಿದ್ಲು? ಇನ್ನೊಂದು ಸಲ ಹೇಳ್ರಿ. ಕೇಳಬೇಕು ಅನಿಸೈತಿ.”

ಅಷ್ಟು ವರ್ಷ ನಾನು ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದೆ ಅಷ್ಟೇ. ಅವತ್ತು ಮೊದಲ ಸಲ ಹೇಳಬೇಕಾಯಿತು. ಸಾಯುತ್ತಿರುವವಳ ಮುಂದೆ ತಡವರಿಸುವಂತಿರಲಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದೆ:

“ನಿಮ್ಮವ್ವ, ‘ಆಕಿ ಅಪ್ಪಂದು ಒಂದು ಕಣ್ಣು ಮುಚ್ಚವಲ್ದಪಾ, ಸರೋಜಿ ದಾರಿ ನೋಡಾಕ ಹತ್ತೈತಿ, ಆಕಿನ್ನ ಕರಕೊಂಡು ಬಾ’ ಅಂದ್ಲವ್ವಾ.”

ಸರೋಜ ಕಣ್ಣು ಮುಚ್ಚಿ ಕೇಳಿದಳು. ಒಣಗಿದ ತುಟಿಯಲ್ಲೇ ನಕ್ಕಳು.

“ಎಡಗಣ್ಣು,” ಎಂದಳು. “ಅವತ್ತೂ ಹಿಂಗ ಹೇಳಿದ್ರಿ, ಎಡಗಣ್ಣು ಅಂದಿದ್ರಿ. ನಾನು ಹೋದಾಗ ತೆರೆದ ಇತ್ತು. ನನ್ನ ಕೈಯಾಗ ಮುಚ್ಚಿತಣ್ಣ.”

“ಹೌದವ್ವಾ, ಎಡಗಣ್ಣು,” ಎಂದೆ.

ಎಂಟು ದಿನಕ್ಕೆ ಅವಳು ಹೋದಳು. ಅವಳ ಸಂಬಂಧಿಕರಿಗೆ ಸುದ್ದಿ ಮುಟ್ಟಿಸಲು ನಾನೇ ಹೊರಟೆ. ಈ ಸಲ ಒಂದು ಮನೆಯನ್ನೂ ಬಿಡಲಿಲ್ಲ. ಚನ್ನಬಸಣ್ಣನ ಬಾಗಿಲಲ್ಲೂ ನಿಂತು ಹೇಳಿ ಬಂದೆ.

ವೀರಭದ್ರಪ್ಪ ತೀರಿಕೊಂಡ ಬೆಳಿಗ್ಗೆ ನಾನು ಜಗಲಿಯಿಂದಲೇ ಗಾಡಿ ಹತ್ತಿದವನು. ಮರುದಿನ ಬೇವಿನ ಗಿಡ ಬಿಟ್ಟು ಮುಂದೆ ಹೋಗಲಿಲ್ಲ. ಆ ಮುಖವನ್ನು ನಾನು ನೋಡಲೇ ಇಲ್ಲ. ಕಣ್ಣಿನ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಈಗ ಗೌರಮ್ಮನವರಿಲ್ಲ, ಸರೋಜಳೂ ಇಲ್ಲ, ಕೊಟ್ಟ ಮಾತು ಮುರಿದರೆ ನೋಯುವವರು ಯಾರೂ ಉಳಿದಿಲ್ಲವೆಂದು ಇದನ್ನು ಬರೆದಿದ್ದೇನೆ. ಅವತ್ತು ಸಂಜೆ ಆ ಹಟ್ಟಿಯ ಬಾಗಿಲಲ್ಲಿ ನಿಂತು ಆ ಹುಡುಗಿ ಉಣ್ಣುವವರೆಗೆ ಕಾದವರು ಯಾರೋ ನನಗೆ ಗೊತ್ತಿಲ್ಲ. ನಾನು ಹೋಗಲಿಲ್ಲ ಎನ್ನುವುದು ಮಾತ್ರ ಗೊತ್ತು.